ಬೋರ್‌ವೆಲ್ ನೀರಿನಿಂದ ನ್ಯೂಟ್ರಿನೋವರೆಗೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸೀಮೆಯಲ್ಲಿ ಬಹಳಷ್ಟು ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ, ಪಿಯುಸಿಗೆ ವಿಜ್ಞಾನ ತೆಗೆದುಕೊಂಡರೆ ಎಲ್ಲವೂ ಇಂಗ್ಲಿಷ್. ಹೈಸ್ಕೂಲ್ ವಿಜ್ಞಾನದ ಮೇಷ್ಟ್ರಾಗಿ ಇವರ ನಡುವೆಯೇ ನನ್ನ ಆಯುಸ್ಸು ಕಳೆದಿದೆ. ಪಠ್ಯಪುಸ್ತಕ ಬಿಟ್ಟರೆ ಇವರಲ್ಲಿ ಎಷ್ಟೋ ಜನರ ಮನೆಯಲ್ಲಿ ಓದುವುದಕ್ಕೆ ಬೇರೆ ಪುಸ್ತಕವಿಲ್ಲ. ಕೊರೊನಾ ಕಾಲದಲ್ಲಿ ಮನೆಗೊಂದು ಸ್ಮಾರ್ಟ್‌ಫೋನ್ ಬಂತು. ಅದರಲ್ಲಿ ಕಾಸಿಲ್ಲದೆ ಸಿಗುವ ಒಳ್ಳೆಯ ಕನ್ನಡ ಬರಹಗಳನ್ನು ಹುಡುಕಿ ಮಕ್ಕಳಿಗೆ ಕಳಿಸತೊಡಗಿದೆ. ಕಳಿಸುತ್ತ ಕಳಿಸುತ್ತ ನಾನೇ ಬರೆಯಲು ಕೂತೆ.

ಹುಡುಕಿದರೆ ಸಿಗುವುದು ಕಡಿಮೆಯೇನಿಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಟಿ.ಜಿ. ಶ್ರೀನಿಧಿಯವರ ಇಜ್ಞಾನ 2007ರಿಂದ ವಿಜ್ಞಾನ, ತಂತ್ರಜ್ಞಾನದ ಬರಹಗಳನ್ನು ಕೊಡುತ್ತಿದೆ. ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಹುಟ್ಟಿದ ಕಣಜ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಭಾರತವಾಣಿಯಲ್ಲಿ ನಿಘಂಟುಗಳನ್ನು ತೆರೆದಿಟ್ಟಿತು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಇದನ್ನು ನಾನು ದೊಡ್ಡ ದಾನವೆಂದೇ ಭಾವಿಸುತ್ತೇನೆ.

ಹಾಗಿದ್ದೂ ನಮ್ಮ ಮಕ್ಕಳು ಇವುಗಳೊಳಗೆ ತಾವಾಗಿ ಹೋಗುತ್ತಿರಲಿಲ್ಲ. ಯಾಕೆಂದು ನನಗೆ ತಿಳಿದದ್ದು ಫ್ಲೋರೈಡ್ ಪಾಠದ ದಿನ. ಕೋಲಾರದಲ್ಲಿ ಫ್ಲೋರೈಡಿನಿಂದ ಹಲ್ಲಿನ ಮೇಲೆ ಕಂದುಗೆರೆ ಬಿದ್ದಿರುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಕುಡಿಯುವ ನೀರಿನ ಒಂದು ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ನೀರು ಚೆನ್ನಾಗಿ ಕಾಯಿಸಿದ್ರೆ ಹೋಗಲ್ವಾ? ನಮ್ಮವ್ವ ದಿನಾ ಕಾಯಿಸ್ತಾಳೆ" ಅಂದಳು.

ಹೋಗುವುದಿಲ್ಲ. ಆವಿಯಾಗುವುದು ನೀರು ಮಾತ್ರ, ಫ್ಲೋರೈಡ್ ಉಳಿದ ನೀರಿನಲ್ಲೇ ನಿಲ್ಲುತ್ತದೆ, ಅದರ ಪ್ರಮಾಣ ಏರುತ್ತದೆ. ಆ ತಾಯಿ ಸೌದೆ ಸುಟ್ಟು, ಹೊಗೆ ಕುಡಿದು, ಮಕ್ಕಳಿಗೆ ಒಳ್ಳೆಯದಾಗಲೆಂದು ಮಾಡುತ್ತಿದ್ದ ಕೆಲಸ ಅದು. ಅಂದು ರಾತ್ರಿ ನಾನು ಓದಿ ನೋಡಿದ ಬರಹಗಳೆಲ್ಲ ಫ್ಲೋರೈಡ್ ಎಂದರೇನು ಎಂದು ಶುರುವಾಗುತ್ತಿದ್ದವು. ಕಾಯಿಸಿದರೆ ಹೋಗುತ್ತದೆಯೇ ಎಂಬಲ್ಲಿಂದ ಒಂದೂ ಹೊರಟಿರಲಿಲ್ಲ. ನನ್ನ ಬರಹವನ್ನು ಆ ಹುಡುಗಿಯ ಪ್ರಶ್ನೆಯಿಂದಲೇ ಶುರುಮಾಡಿದೆ. ಬೋರ್‌ವೆಲ್ ಸಾವಿರ ಅಡಿ ದಾಟಿದಷ್ಟೂ ನೀರು ಗ್ರಾನೈಟ್, ನೈಸ್ ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತಿರುತ್ತದೆ, ಬಂಡೆಯ ಖನಿಜಗಳಿಂದ ಫ್ಲೋರೈಡ್ ಕರಗಿ ಸೇರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು ಕರಗುತ್ತದೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಒಳಗೆ ಏನು ನಡೆಯುತ್ತದೆ ಎಂಬುದನ್ನೂ ಸೇರಿಸಿದೆ. ಮಕ್ಕಳು ಓದಿದರು. ಮನೆಯಲ್ಲಿ ತೆಲುಗಿನಲ್ಲಿ ಅವ್ವಂದಿರಿಗೆ ಹೇಳಿದರು.

ಅಲ್ಲಿಂದ ನನ್ನ ದಾರಿ ಇದೇ ಆಯಿತು: ವಿಷಯ ಎಷ್ಟೇ ದೂರದ್ದಿರಲಿ, ಹೊರಡುವುದು ನಮ್ಮೂರಿನ ಪ್ರಶ್ನೆಯಿಂದ.

ಮಾವಿನ ಬರಹ ಮಕ್ಕಳಿಗಿಂತ ಅವರ ಅಪ್ಪಂದಿರನ್ನು ಹಿಡಿಯಿತು. ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ, ಮರುವರ್ಷ ಬರೀ ಎಲೆ, ಇದು ಯಾಕೆ? ಕಾಯಿ ಹೊತ್ತ ಮರ ಕೂಡಿಟ್ಟ ಆಹಾರವನ್ನೆಲ್ಲ ಖರ್ಚು ಮಾಡಿರುತ್ತದೆ. ಅದರ ಜೊತೆಗೆ ಜಿಬ್ಬರೆಲಿನ್ ಎಂಬ ಹಾರ್ಮೋನು ಹೆಚ್ಚಿದ್ದಾಗ ಹೂವಿನ ಬದಲು ಚಿಗುರು ಒಡೆಯುತ್ತದೆ. ರೈತರು ಬುಡಕ್ಕೆ ಹಾಕುವ ಪ್ಯಾಕ್ಲೊಬ್ಯುಟ್ರಜಾಲ್ ತಡೆಯುವುದು ಈ ಹಾರ್ಮೋನು ತಯಾರಾಗುವುದನ್ನೇ. ಮಗನ ಕೈಲಿ ಓದಿಸಿಕೊಂಡ ರೈತರೊಬ್ಬರು ಸಂತೆಯಲ್ಲಿ ಸಿಕ್ಕಿ ಕೇಳಿದರು: "ಮೇಷ್ಟ್ರೇ, ವರ್ಷಾ ವರ್ಷಾ ಹಾಕಿದ್ರೆ ಮರದ ಗತಿ ಏನು, ಅದನ್ನ ಬರೆದಿಲ್ವಲ್ಲ?" ಅದಕ್ಕಾಗಿ ಹೊಗಳಗೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದವರನ್ನು ವಿಚಾರಿಸಿದ ಮೇಲೆಯೇ ಮುಂದಿನ ಭಾಗ ಬರೆದೆ. ಉಚಿತವಾಗಿ ಕೊಡುತ್ತೇವೆ ಎಂದು ಅರೆಬರೆ ಕೊಡುವಂತಿಲ್ಲ. ಕಾಸು ಕೊಟ್ಟು ಇನ್ನೊಬ್ಬರನ್ನು ಕೇಳುವ ಅನುಕೂಲ ಈ ಓದುಗರಿಗೆ ಇರುವುದಿಲ್ಲ.

ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಬರೆಯುವಾಗ ಬಹಳ ಎಚ್ಚರ ಬೇಕಾಯಿತು. ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತ ಶುದ್ಧೀಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಬತ್ತಿದ ಬಾವಿಯಲ್ಲಿ ನೀರು ಕಂಡವರ ಸಂತೋಷ ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಎನ್ನುವವರ ಆತಂಕವೂ ಸುಳ್ಳಲ್ಲ. ನಾನು ಮೂರೂ ಹಂತಗಳಲ್ಲಿ ನೀರಿನಿಂದ ಏನೇನು ಹೋಗುತ್ತದೆ, ಏನು ಉಳಿಯುತ್ತದೆ ಎಂದು ಬಿಡಿಸಿ ಬರೆದೆ. ಮೂರನೇ ಹಂತ ಬೇಕೆನ್ನುವವರ ಪಕ್ಷವೇ ನನ್ನದು, ಅದನ್ನೂ ಮುಚ್ಚಿಡಲಿಲ್ಲ.

ಇನ್ನು ಕೆಜಿಎಫ್ ಚಿನ್ನದ ಗಣಿ. ಗಣಿ ಎಂದರೆ ಮಕ್ಕಳಿಗೆ ಈಗ ಸಿನಿಮಾ. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು, ನೂರು ಮೈಲಿಯ ಹತ್ತಿರ ದೂರ, ಎಂದಾಗ ಕಿವಿ ನೆಟ್ಟಗಾಯಿತು. ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು ಎಂದಾಗ, ಅಲ್ಲಿ ದುಡಿದವರು ಹೇಗೆ ಉಸಿರಾಡಿದರು ಎಂದು ಕೇಳಿದರು. 1965ರಲ್ಲಿ ಅದೇ ಗಣಿಯೊಳಗೆ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಗುರುತು ಹಿಡಿದರು. ಅಷ್ಟು ಆಳಕ್ಕೆ ಯಾಕೆ ಇಳಿಯಬೇಕಿತ್ತು? ಮೇಲಿನ ಬಂಡೆ ಉಳಿದ ಕಾಸ್ಮಿಕ್ ಕಿರಣಗಳನ್ನು ಸೋಸುವ ಜರಡಿಯಾಗಿತ್ತು. 2001ರಲ್ಲಿ ಗಣಿ ಮುಚ್ಚಿತು. ನ್ಯೂಟ್ರಿನೋ ಎಂಬ ಹೆಸರನ್ನು ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಕೇಳುವ ನಮ್ಮ ಮಕ್ಕಳಿಗೆ ಅದು ನಮ್ಮದೇ ಜಿಲ್ಲೆಯ ಸಂಗತಿ ಎಂದು ಮೊದಲೇ ಗೊತ್ತಿದ್ದರೆ ಅವರು ಅಂಜುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಳಬಾಗಿಲಿನ ಮಕ್ಕಳಿಗೆ ಡಿವಿಜಿಯವರ ಮಾತು ಹೇಳುತ್ತಿರುತ್ತೇನೆ. ಅದೇ ಊರಿನಲ್ಲಿ 1887ರಲ್ಲಿ ಹುಟ್ಟಿ, ಮೆಟ್ರಿಕ್ಯುಲೇಷನ್ ದಾಟದೆ, ಓದಿನ ಬಲದಿಂದಲೇ ವಿದ್ವಾಂಸರಾದವರು ಅವರು. ಆದರೆ ಕಲಿಯುವವರಿಗೆ ಛಲವಿದ್ದರೆ ಸಾಕು ಎಂದು ನಾವು ಕೈತೊಳೆದುಕೊಳ್ಳಬಾರದು. ಓದುವುದಕ್ಕೆ ಬರಹ ಇರಬೇಕು. ಪಿಯುಸಿ ಮಟ್ಟದ ಗಣಿತ, ರಸಾಯನಶಾಸ್ತ್ರ ಕನ್ನಡದಲ್ಲಿ ಇನ್ನೂ ತೀರಾ ತೆಳುವಾಗಿದೆ.

ಈಗ ಮಾಲೂರಿನ ಸ್ನೇಹಿತರೊಬ್ಬರನ್ನು ಬರೆಯಲು ಒಪ್ಪಿಸಿದ್ದೇನೆ. ಅವರೂ ಮೇಷ್ಟ್ರು. ಅಲ್ಲಿ ಹೆಂಚು, ಇಟ್ಟಿಗೆ ಸುಡುತ್ತಾರೆ. ಬೂದುಬಣ್ಣದ ಮಣ್ಣು ಗೂಡಿನಿಂದ ಕೆಂಪಾಗಿ ಯಾಕೆ ಹೊರಬರುತ್ತದೆ ಎಂಬ ಪ್ರಶ್ನೆಯಿಂದ ಅವರು ಕಬ್ಬಿಣದ ಆಕ್ಸೈಡಿನತ್ತ ಹೊರಟಿದ್ದಾರೆ. ಅಲ್ಲಿಂದ ಆಕ್ಸಿಡೀಕರಣದ ಸಮೀಕರಣಗಳಿಗೆ ಬರಬೇಕು. ಕರಡಿನ ಮೊದಲ ಭಾಗ ಕೈಸೇರಿದೆ. ಗೂಡಿನ ಕೆಲಸದವರ ಮಕ್ಕಳಿಗೆ ಓದಿಸಿ ನೋಡಿ, ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ತಿದ್ದಿ ಎಂದು ಹೇಳಿ ಕಳಿಸಿದ್ದೇನೆ.