ಹಳೆಯ ಮೋಟಾರಿನ ತುಕ್ಕು: ಬಣ್ಣಕ್ಕಿಂತ ಮೊದಲು ತಗಡು ನೋಡಿರಿ



ಕಬ್ಬಿನ ಹಂಗಾಮು ಮುಗಿದು ಟ್ರ್ಯಾಕ್ಟರು, ಟ್ರಾಲಿಗಳು ಕೆಲಸದಿಂದ ಬಿಡುವಾದ ಮೇಲೆ ಮನೆಯ ಮೋಟಾರಿನ ಕಡೆಗೆ ನಮ್ಮ ಲಕ್ಷ್ಯ ಹೋಗುತ್ತದೆ. ತಂದೆಯವರ ಕಾಲದ ಅಂಬಾಸಿಡರು ಅಥವಾ ಹಳೆಯ ಜೀಪು ಇನ್ನೂ ಅನೇಕರ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುತ್ತದೆ. ಇಂಜಿನು ಚೆನ್ನಾಗಿದೆ, ಮಾರಲು ಮನಸ್ಸಿಲ್ಲ. ಆದರೆ ಬಾಗಿಲಿನ ಅಂಚು ಉದುರುತ್ತಿದೆ, ಕಾಲಿಡುವ ಕಡೆ ಚಾಪೆಯ ಕೆಳಗೆ ರಸ್ತೆ ಕಾಣುತ್ತಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಆ ತಾರೀಖು ಹತ್ತಿರ ಬಂದಾಗ ಗಡಿಬಿಡಿಯಿಂದ ಪುಟ್ಟಿ ತುಂಬಿಸಿ, ಬಣ್ಣ ಹೊಡೆಸಿ, ಗಾಡಿ ಹೊಸದಾಯಿತೆಂದು ತಿಳಿಯುವವರೇ ಹೆಚ್ಚು. ಒಂದು ಮಳೆಗಾಲ ಕಳೆಯುವುದರೊಳಗೆ ಅದೇ ಜಾಗ ಮತ್ತೆ ಉಬ್ಬುತ್ತದೆ. ಅಂಬಾಸಿಡರ ಕಾರನ್ನು ತಯಾರಿಸುತ್ತಿದ್ದ ಪಶ್ಚಿಮ ಬಂಗಾಲದ ಉತ್ತರಪಾಡಾ ಕಾರಖಾನೆ 2014ರಲ್ಲಿ ಕೆಲಸ ನಿಲ್ಲಿಸಿತು. ಆದುದರಿಂದ ಇರುವ ತಗಡನ್ನೇ ಉಳಿಸಿಕೊಳ್ಳುವ ರೀತಿ ತಿಳಿದಿರುವುದು ಒಳ್ಳೆಯದು.

ತುಕ್ಕು, ಅಂದರೆ ನಮ್ಮ ಕಡೆ ಜಂಗು ಎನ್ನುವುದು, ಕಬ್ಬಿಣವು ನೀರು ಮತ್ತು ಗಾಳಿಯೊಡನೆ ಕೂಡಿ ಆಗುವ ಪದಾರ್ಥ. ಕರಗಿದ ಕಬ್ಬಿಣಕ್ಕಿಂತ ಅದು ಎರಡು ಪಟ್ಟಿಗೂ ಮಿಕ್ಕಿ ಜಾಗ ಹಿಡಿಯುತ್ತದೆ. ಬಣ್ಣ ಗುಳ್ಳೆಯಂತೆ ಎದ್ದು ಬರುವುದು ಇದರಿಂದಲೇ. ಅದರ ಪದರು ಸಡಿಲವಾಗಿರುವುದರಿಂದ ನೀರನ್ನು ಹೀರಿ ಹಿಡಿದುಕೊಂಡು ಕೆಳಗಿನ ಕಬ್ಬಿಣವನ್ನೂ ತಿನ್ನುತ್ತ ಹೋಗುತ್ತದೆ. ನೀರಿನಲ್ಲಿ ಉಪ್ಪು ಬೆರೆತರೆ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ನಮ್ಮದು ಸಮುದ್ರತೀರವಲ್ಲ, ಉಪ್ಪು ಎಲ್ಲಿಂದ ಬಂತು ಎಂದು ಕೇಳಬಹುದು. ಡಿಕ್ಕಿಯಲ್ಲಿ ಹಾಕಿ ತಂದ ಗೊಬ್ಬರದ ಚೀಲದಿಂದ ಬಂತು. ನಾವು ಕಬ್ಬಿಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಎಂಬುದು ಪೊಟ್ಯಾಸಿಯಂ ಕ್ಲೋರೈಡ್. ಅಡಿಗೆಯ ಉಪ್ಪಿನ ಹಾಗೆಯೇ ಅದೂ ಕಬ್ಬಿಣಕ್ಕೆ ವೈರಿ. ಬೀಜದ ಕಬ್ಬಿನ ತುಂಡುಗಳಿಂದ ಸೋರಿದ ರಸ ಹುಳಿಯಾದರೆ ಅದೂ ತಗಡಿಗೆ ಕೆಡುಕೇ. ಇದರ ಮೇಲೆ ಭೀಮಾ, ಬೋರಿ ದಂಡೆಯ ಎರೆಮಣ್ಣು ಚಕ್ರದ ಮೇಲಿನ ಗೂಡಿನಲ್ಲಿ ಮೆತ್ತಿ ಕುಳಿತರೆ, ರಸ್ತೆ ಒಣಗಿದರೂ ಅದು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಗಾಡಿಯ ಮೇಲ್ಭಾಗವನ್ನು ದಿನಾಲೂ ಒರೆಸುವವರು ಈ ಗೂಡಿಗೆ ವರ್ಷಕ್ಕೊಮ್ಮೆಯೂ ನೀರು ಬಿಡುವುದಿಲ್ಲ.

ಕಣ್ಣಿಗೆ ಬೀಳುವ ತುಕ್ಕು ಹೆಚ್ಚಾಗಿ ಒಳಗಿನಿಂದ ಹೊರಗೆ ಬಂದದ್ದು ಎಂಬುದನ್ನು ಮರೆಯಬೇಡಿರಿ. ಎರಡು ತಗಡು ಒಂದರ ಮೇಲೊಂದು ಕೂಡಿದ ಅಂಚು, ಗಾಜಿನ ಸುತ್ತಲಿನ ರಬ್ಬರಿನ ಕೆಳಗೆ, ಡಿಕ್ಕಿಯ ತಳ, ಚಾಪೆಯ ಕೆಳಗಿನ ನೆಲ, ಇವು ಮುಖ್ಯ ಜಾಗಗಳು. ಬಾಗಿಲಿನ ಗಾಜಿನ ಪಕ್ಕದಿಂದ ಮಳೆನೀರು ಒಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಬಾಗಿಲಿನ ಕೆಳ ಅಂಚಿನಲ್ಲಿ ತೂತುಗಳಿವೆ. ಧೂಳು ತುಂಬಿ ಅವು ಮುಚ್ಚಿದರೆ ಬಾಗಿಲು ನೀರಿನ ದೋಣಿಯಾಗುತ್ತದೆ. ಒಂದು ತಂತಿಯಿಂದ ಅವನ್ನು ಬಿಡಿಸಲು ಐದು ನಿಮಿಷ ಸಾಕು.

ಪರೀಕ್ಷೆಗೆ ಚೀಲ ಹೊಲಿಯುವ ದಬ್ಬಣ ಮತ್ತು ಒಂದು ಲೋಹಚುಂಬಕ ಸಾಕು. ಚಾಪೆ ಎತ್ತಿ, ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಪಟ್ಟಿಯನ್ನೂ ನೆಲವನ್ನೂ ದಬ್ಬಣದಿಂದ ಗಟ್ಟಿಯಾಗಿ ಒತ್ತಿರಿ. ಒಳ್ಳೆಯ ತಗಡು ತಡೆಯುತ್ತದೆ, ತಿಂದುಹೋದದ್ದು ಹಪ್ಪಳದಂತೆ ಮುರಿಯುತ್ತದೆ. ಮುರಿಯಲೆಂದೇ ಒತ್ತಬೇಕು, ಅಲ್ಲಿ ಕನಿಕರ ಬೇಡ. ಲೋಹಚುಂಬಕವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಣ್ಣದ ಮೇಲೆ ಸರಿಸಿರಿ. ಎಲ್ಲಿ ಅದು ಹಿಡಿತ ಬಿಡುವುದೋ ಅಲ್ಲಿ ಕೆಳಗೆ ಪುಟ್ಟಿ ದಪ್ಪವಾಗಿದೆ. ಹಳೆಯ ಗಾಡಿ ಕೊಳ್ಳಲು ಹೋದಾಗಲೂ ಈ ಚುಂಬಕ ಕಿಸೆಯಲ್ಲಿರಲಿ.

ಈಗ ಮುಖ್ಯ ಮಾತು. ಜೀಪಿಗೆ ಕೆಳಗೆ ಬೇರೆಯೇ ಚಾಸಿ ಇದೆ. ಮೇಲಿನ ತಗಡು ತೂತಾದರೂ ಚಾಸಿ ಗಟ್ಟಿಯಿದ್ದರೆ ಭಾರವನ್ನು ಅದು ಹೊರುತ್ತದೆ. ಅಂಬಾಸಿಡರಿಗೆ ಹಾಗೆ ಬೇರೆ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆ-ಪಟ್ಟಿ, ಕಂಬಗಳು ಎಲ್ಲವೂ ಕೂಡಿಯೇ ಅದರ ಎಲುಬು. ಅಲ್ಲಿ ತೂತಿಗೆ ಪುಟ್ಟಿ ತುಂಬುವುದೆಂದರೆ ಮುರಿದ ಎಲುಬಿಗೆ ಬಣ್ಣ ಹಚ್ಚಿದಂತೆ. ಹಿಂದಿನ ಕಮಾನು ಪಾಟಾ ಕೂಡುವ ಜಾಗ, ಸೀಟಿನ ಬೋಲ್ಟು ಹಿಡಿದಿರುವ ನೆಲ, ಬೆಲ್ಟು ಕಟ್ಟುವ ಜಾಗ, ಸ್ಟೇರಿಂಗಿನ ಸುತ್ತಮುತ್ತ ತುಕ್ಕು ತಿಂದಿದ್ದರೆ ದುರಸ್ತಿ ಆಗುವ ತನಕ ಮನೆಮಂದಿಯನ್ನು ಕೂಡಿಸಿಕೊಂಡು ಹೋಗಬೇಡಿರಿ. ಇಂಥ ಕೆಲಸವನ್ನು ಮನೆಯಲ್ಲಿ ಮಾಡದೆ ನುರಿತ ಮಿಸ್ತ್ರಿಗೇ ಒಪ್ಪಿಸಿರಿ.

ತೂತಾದ ತಗಡಿಗೆ ಉಪಾಯ ಒಂದೇ: ಕತ್ತರಿಸಿ ಹೊಸ ತುಂಡು ಕೂಡಿಸುವುದು. ತೂತಿನ ಅಂಚಿಗೆ ನಿಲ್ಲದೆ, ಹೊಳೆಯುವ ಗಟ್ಟಿ ತಗಡು ಸಿಗುವ ತನಕ, ಅದರಿಂದ ಇನ್ನೂ ಒಂದು ಬೆರಳು ಆಚೆಗೆ ಕತ್ತರಿಸಬೇಕು. ಹಿಡಿಯಷ್ಟು ಕಂಡ ತೂತು ಮೊಳದಷ್ಟು ಆದರೆ ಮಿಸ್ತ್ರಿಯ ಮೇಲೆ ಸಿಟ್ಟಾಗಬೇಡಿರಿ, ಅವನು ಸರಿಯಾದ ಕೆಲಸ ಮಾಡುತ್ತಿದ್ದಾನೆ. ತುಂಡಿನ ಅಳತೆಗೆ ಹಳೆಯ ಕ್ಯಾಲೆಂಡರಿನ ದಪ್ಪ ಕಾಗದ ಕತ್ತರಿಸಿ ಇಟ್ಟು ನೋಡಿರಿ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿರಿ. ತಗಡಿನ ದಪ್ಪ ಮೂಲ ತಗಡಿನಷ್ಟೇ ಇರಲಿ. ಸುಮಾರು 20 ಗೇಜು, ಅಂದರೆ 0.9 ಮಿಲಿಮೀಟರಿನ ತಗಡು ಹೆಚ್ಚಿನ ಕಡೆ ಹೊಂದುತ್ತದೆ. ಎಣ್ಣೆಯ ಅಥವಾ ಔಷಧಿಯ ಹಳೆಯ ಪೀಪಾಯಿ ಕತ್ತರಿಸಿ ತಗಡು ಮಾಡುವ ರೂಢಿ ಇದೆ. ಇದು ಬೇಡವೇ ಬೇಡ. ಒಳಗೆ ಉಳಿದ ಆವಿಗೆ ಕಿಡಿ ತಗುಲಿದರೆ ಪೀಪಾಯಿ ಸಿಡಿಯುತ್ತದೆ. ಸತುವು ಲೇಪಿಸಿದ ತಗಡಾದರೆ ಬೆಸೆಯುವ ಅಂಚಿನ ಲೇಪನ ಉಜ್ಜಿ ತೆಗೆಯಬೇಕು. ಅದರ ಬಿಳಿ ಹೊಗೆ ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ ಬರುವುದುಂಟು.

ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿರಿ, ಇಂಧನದ ಟ್ಯಾಂಕನ್ನು ಇಳಿಸಿ ದೂರ ಇಡಿರಿ. ಅಂಬಾಸಿಡರಿನ ಟ್ಯಾಂಕು ಡಿಕ್ಕಿಯ ಬಳಿ ಇದೆ. ಹಳೆಯ ಜೀಪಿನಲ್ಲಿ ಚಾಲಕನ ಸೀಟಿನ ಕೆಳಗೇ ಇರುತ್ತದೆ. ಟ್ಯಾಂಕು ಖಾಲಿ ಇದೆ, ಭಯವಿಲ್ಲ ಎಂಬ ಮಾತು ತೀರ ತಪ್ಪು. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಹೆಚ್ಚು ಅಪಾಯದ್ದು. ಗ್ಯಾಸ್ ಕಿಟ್ ಕೂಡಿಸಿದ್ದರೆ ಸಿಲಿಂಡರನ್ನು ತಿಳಿದವರಿಂದ ತೆಗೆಸಿರಿ. ಚಾಪೆ, ಸೀಟು, ನೆಲಕ್ಕೆ ಅಂಟಿಸಿದ ಡಾಂಬರಿನ ಹಾಳೆ, ಹತ್ತಿರದ ವೈರುಗಳನ್ನು ಸರಿಸಿರಿ. ಒಬ್ಬರು ಬೆಸೆಯುವಾಗ ಇನ್ನೊಬ್ಬರು ನೀರು ಮತ್ತು ಉಸುಕಿನ ಬಕೆಟಿನೊಡನೆ ಆಚೆ ಮಗ್ಗುಲಿಗೆ ನಿಂತಿರಬೇಕು. ಕೆಲಸ ಮುಗಿದ ಮೇಲೂ ಅರ್ಧ ತಾಸು ಬಿಟ್ಟು ಹೋಗಬಾರದು. ಒಳಗೆ ಹೊಗೆಯಾಡುವ ಬೆಂಕಿ ಕೂಡಲೆ ಕಾಣುವುದಿಲ್ಲ. ಕಬ್ಬಿನ ರವದಿ ಒಟ್ಟಿದ ಕಡೆ ಈ ಕೆಲಸ ಸಲ್ಲದೆಂದು ಬೇರೆ ಹೇಳಬೇಕಾಗಿಲ್ಲ.

ಬೆಸೆಯುವವರು ಒಂದೇ ಸಮನೆ ಗೆರೆ ಎಳೆಯಬಾರದು. ತೆಳು ತಗಡು ಕಾಯ್ದರೆ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಎದುರು ಮಗ್ಗುಲಿಗೆ, ಆರಲು ಬಿಟ್ಟು ಮತ್ತೆ ನಡುವೆ ಒಂದು, ಹೀಗೆ ಹೋಗಬೇಕು. ಟ್ರಾಲಿ ಬೆಸೆಯುವ ದಪ್ಪ ಕಡ್ಡಿಯ ಯಂತ್ರ ಇದಕ್ಕೆ ಹೊಂದುವುದಿಲ್ಲ, ತಗಡು ಸುಟ್ಟು ಇನ್ನೂ ದೊಡ್ಡ ತೂತಾಗುತ್ತದೆ. ಸಿ.ಓ.ಟೂ. ಯಂತ್ರವಿರುವ ಗ್ಯಾರೇಜು ಹುಡುಕಿರಿ. ಅಂಬಾಸಿಡರಿನ ಕೆಳಪಟ್ಟಿ ಬದಲಿಸುವಾಗ ಎರಡೂ ಬದಿಯದನ್ನು ಒಮ್ಮೆಗೇ ಕತ್ತರಿಸಲು ಬಿಡಬೇಡಿರಿ. ಗಾಡಿಗೆ ಸಮನಾಗಿ ಆಧಾರ ಕೊಟ್ಟು, ಬಾಗಿಲುಗಳನ್ನು ಕೂಡಿಸಿಯೇ ಇಟ್ಟು, ಬಾಗಿಲಿನ ಸುತ್ತಲಿನ ಸಂದು ಮೊದಲಿನಷ್ಟೇ ಇದೆಯೇ ಎಂದು ನೋಡುತ್ತ ಹೋಗಬೇಕು. ಸಂದು ಹೆಚ್ಚುಕಡಿಮೆಯಾದರೆ ಗಾಡಿಯ ನಡು ಬಗ್ಗಿತೆಂದು ತಿಳಿಯಿರಿ. ಹಾಗೇ ಬೆಸೆದರೆ ಆ ಬಾಗಿಲು ಮುಂದೆಂದೂ ನೆಟ್ಟಗೆ ಕೂಡುವುದಿಲ್ಲ.

ತೂತಾಗದೆ ಮೇಲ್ಮೈ ಮಾತ್ರ ಕೆಂಪಾಗಿದ್ದರೆ ಕೆಲಸ ಹಗುರ. ತಂತಿಯ ಬ್ರಶ್ಶು, 80 ನಂಬರಿನ ಪಾಲಿಶ್ ಪೇಪರುಗಳಿಂದ ಬಿಳಿ ಕಬ್ಬಿಣ ಕಾಣುವ ತನಕ ತಿಕ್ಕಿರಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಮೂಗಿಗೆ ಮಾಸ್ಕ್ ಇರಲಿ, ಮಕ್ಕಳು ದೂರವಿರಲಿ. ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರವ ಸಿಗುತ್ತದೆ. ಡಬ್ಬಿಯ ಮೇಲೆ ಬರೆದಂತೆ ಹಚ್ಚಿ, ಪೂರ್ತಿ ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಿರಿ. ಬರಿಗಬ್ಬಿಣ ಒಂದು ರಾತ್ರಿ ಇಬ್ಬನಿಯಲ್ಲಿ ನಿಂತರೂ ಮತ್ತೆ ತುಕ್ಕು ಹಿಡಿಯುತ್ತದೆ. ಎಪಾಕ್ಸಿ ಪ್ರೈಮರ್ ತುಸು ತುಟ್ಟಿಯಾದರೂ ನೀರನ್ನು ಚೆನ್ನಾಗಿ ತಡೆಯುತ್ತದೆ. ಬರೀ ರೆಡ್ ಆಕ್ಸೈಡ್ ಬಳಿದು ವರ್ಷಗಟ್ಟಲೆ ಬಿಟ್ಟರೆ ಅದು ನೀರು ತಡೆಯಲಾರದು. ಪುಟ್ಟಿಗೂ ಅದರ ಸ್ಥಾನವಿದೆ: ಗಟ್ಟಿ ತಗಡಿನ ಮೇಲೆ, ಎರಡು ಮೂರು ಮಿಲಿಮೀಟರಿನೊಳಗೆ, ತಗ್ಗು ಸಮ ಮಾಡುವುದಕ್ಕೆ ಮಾತ್ರ. ಅದು ನೀರು ಹೀರುವ ವಸ್ತು. ಬಣ್ಣವಿಲ್ಲದೆ ಬಿಡಬಾರದು.

ಬೆಸುಗೆಯ ಹಿಂಬದಿಯನ್ನು ಎಲ್ಲರೂ ಮರೆಯುತ್ತಾರೆ. ಕಾವಿಗೆ ಅಲ್ಲಿಯ ಬಣ್ಣ ಸುಟ್ಟು ಹೋಗಿರುತ್ತದೆ, ಮುಂದಿನ ತುಕ್ಕು ಅಲ್ಲಿಂದಲೇ ಹುಟ್ಟುತ್ತದೆ. ಟೊಳ್ಳು ಪಟ್ಟಿಯೊಳಗೆ ಕೊಳವೆಯಿಂದ ಮೇಣದಂಥ ತುಕ್ಕುನಿರೋಧಕ ದ್ರವವನ್ನು ಸಿಂಪಡಿಸಿರಿ, ನೀರು ಹೋಗುವ ತೂತುಗಳು ಮಾತ್ರ ಮುಚ್ಚದಿರಲಿ. ಇಂಜಿನಿನ ಸುಟ್ಟ ಆಯಿಲು ಸುರಿಯುವ ಪದ್ಧತಿ ನಮಗೆ ಹಿಡಿಸದು. ಅದರಲ್ಲಿ ಆಮ್ಲವೂ ಮಸಿಯೂ ಇರುತ್ತವೆ, ರಬ್ಬರು ಕೆಡುತ್ತದೆ, ತೊಟ್ಟಿಕ್ಕಿದ್ದು ಮಣ್ಣಿಗೆ ಸೇರುತ್ತದೆ.

ಮಿಸ್ತ್ರಿಯೊಡನೆ ಕೂಲಿ ಮಾತಾಡುವಾಗಲೇ ಒಂದು ಕರಾರು ಹಾಕಿರಿ: ಹಳೆಯ ತಗಡು ಕತ್ತರಿಸಿದ ಮೇಲೊಮ್ಮೆ, ಬೆಸೆದು ಪುಟ್ಟಿ ಹಚ್ಚುವ ಮೊದಲೊಮ್ಮೆ ನಿಮ್ಮನ್ನು ಕರೆದು ತೋರಿಸಬೇಕು. ಕತ್ತರಿಸಿದ ತುಂಡುಗಳನ್ನೂ ಇಟ್ಟುಕೊಳ್ಳಲು ಹೇಳಿರಿ. ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಸರಪಡುವುದಿಲ್ಲ. ಯುಗಾದಿ ಕಳೆದ ಮೇಲಿನ ಒಣ ಬಿಸಿಲಿನಲ್ಲಿ ಕೆಲಸ ಹಿಡಿದರೆ ಮಿರಗದ ಮಳೆಯೊಳಗೆ ಬಣ್ಣವೂ ಮುಗಿದಿರುತ್ತದೆ. ಮೊದಲ ದೊಡ್ಡ ಮಳೆಯ ಮರುದಿನ ಚಾಪೆ ಎತ್ತಿ ನೋಡಿರಿ. ನೆಲ ಹಸಿಯಾಗಿದ್ದರೆ ನೀರು ಎಲ್ಲಿಂದ ಬಂತೆಂದು ಅಂದೇ ಹುಡುಕಿರಿ.