ಪಿತ್ತಕೋಶದ ಉರಿಯೂತ: ವ್ರತಿಗಳು ಅರಿತಿರಬೇಕಾದ ವಿಷಯ

ಶ್ರಾವಕರ ಮನೆಗಳಲ್ಲಿ ‘ಪಿತ್ತ’ವೆಂಬ ಮಾತು ಬಹು ಸಡಿಲವಾಗಿ ಬಳಕೆಯಲ್ಲಿದೆ. ತಲೆ ತಿರುಗಿದರೂ ಪಿತ್ತ, ಹುಳಿತೇಗು ಬಂದರೂ ಪಿತ್ತ, ಉಪವಾಸದ ಮರುದಿನ ವಾಂತಿಯಾದರೂ ಪಿತ್ತ. ಜೀರಿಗೆಯ ಕಷಾಯವನ್ನೋ ನಿಂಬೆಯ ಪಾನಕವನ್ನೋ ಕೊಟ್ಟು ಮಲಗಿಸುವುದು ವಾಡಿಕೆ. ಬಹಳ ಸಲ ಅಷ್ಟರಿಂದಲೇ ಶಮನವಾಗುತ್ತದೆ. ಆದರೆ ಪಾರಣೆಯಾದ ಕೆಲವು ಗಂಟೆಗಳಲ್ಲಿ ಬಲಪಕ್ಕೆಯ ಕೆಳಗೆ ಹಿಡಿದ ನೋವು ರಾತ್ರಿಯಿಡೀ ಬಿಡದೆ, ಬೆಳಗಾಗುವಷ್ಟರಲ್ಲಿ ಜ್ವರವೂ ಏರಿದರೆ ಅದು ಕಷಾಯಕ್ಕೆ ಬಗ್ಗುವ ಪಿತ್ತವಲ್ಲ. ಪಿತ್ತಕೋಶಕ್ಕೇ ಉರಿಯೂತ ತಗಲಿದೆಯೆಂದು ಶಂಕಿಸಬೇಕು.

ಪಿತ್ತಕೋಶವು ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಪುಟ್ಟ ಚೀಲ. ಅದರಲ್ಲಿ 30ರಿಂದ 50 ಮಿಲಿಲೀಟರ್ ರಸ ಹಿಡಿಯುತ್ತದೆ. ಯಕೃತ್ತು ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ಸ್ರವಿಸುತ್ತದೆ. ಊಟವಿಲ್ಲದ ವೇಳೆಯಲ್ಲಿ ಅದರ ಬಹುಭಾಗ ಈ ಚೀಲವನ್ನು ಸೇರಿ, ನೀರಿನಂಶ ಹೀರಲ್ಪಟ್ಟು, ಹಲವು ಪಟ್ಟು ಗಾಢವಾಗುತ್ತದೆ. ತುಪ್ಪ, ಹಾಲು, ಎಣ್ಣೆಯ ಜಿಡ್ಡು ಸಣ್ಣಕರುಳನ್ನು ತಲುಪಿದೊಡನೆ ಚೀಲ ಸಂಕೋಚಗೊಂಡು ರಸವನ್ನು ಕರುಳಿಗೆ ಹರಿಸುತ್ತದೆ.

ಉಪವಾಸಕ್ಕೂ ಈ ಅಂಗಕ್ಕೂ ಸಂಬಂಧವಿರುವುದು ಇಲ್ಲಿಯೇ. ಆಹಾರವಿಲ್ಲದಿದ್ದಾಗ ಚೀಲ ತಕ್ಕಷ್ಟು ಬರಿದಾಗುವುದಿಲ್ಲ. ಅಷ್ಟಮಿ ಚತುರ್ದಶಿಗಳ ಒಂದು ದಿನದ ಉಪವಾಸದಿಂದ ಆರೋಗ್ಯವಂತರಿಗೆ ಭಯಪಡುವಂಥದೇನೂ ಇಲ್ಲ. ದಿನಗಟ್ಟಲೆ ಮುಂದುವರಿದಾಗ, ವಿಶೇಷವಾಗಿ ದೇಹದ ತೂಕ ಶೀಘ್ರವಾಗಿ ಇಳಿದಾಗ, ನಿಂತ ರಸದಲ್ಲಿ ಕೆಸರಿನಂಥ ಗಷ್ಟು ಕಟ್ಟಿ ಅದೇ ಕ್ರಮೇಣ ಕಲ್ಲಾಗುವುದುಂಟು. ಸ್ತ್ರೀಯರಲ್ಲಿ, ಸ್ಥೂಲಕಾಯರಲ್ಲಿ, ನಲವತ್ತು ದಾಟಿದವರಲ್ಲಿ ಕಲ್ಲುಗಳು ಹೆಚ್ಚು. ಮೊದಲೇ ಕಲ್ಲಿದ್ದವರು ದೀರ್ಘ ಉಪವಾಸದ ನಂತರ ಪಾರಣೆಯಲ್ಲಿ ತುಪ್ಪದ ಭಕ್ಷ್ಯವನ್ನು ಹೊಟ್ಟೆತುಂಬ ಉಂಡರೆ, ತುಂಬಿದ ಚೀಲ ಬಲವಾಗಿ ಹಿಂಡಿಕೊಂಡು ಕಲ್ಲು ನಾಳದ ಬಾಯಿಗೆ ಸಿಕ್ಕಿಕೊಳ್ಳಬಹುದು. ತೀವ್ರ ಉರಿಯೂತದ ಹತ್ತರಲ್ಲಿ ಒಂಬತ್ತು ಪ್ರಕರಣಗಳಿಗೆ ಮೂಲ ಹೀಗೆ ಸಿಕ್ಕಿಕೊಂಡ ಕಲ್ಲೇ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ‘ಶಕ್ತಿತಸ್ತಪ’ವೆಂದೇ ಎಣಿಸಿರುವುದನ್ನು ಕಲ್ಲುಳ್ಳವರು ನೆನೆಯುವುದು ಲೇಸು. ಅವರಿಗೆ ಏಕಭುಕ್ತವೂ ಊನೋದರವೂ ಇದ್ದೇ ಇವೆ. ದೀರ್ಘ ವ್ರತ ಸಂಕಲ್ಪಿಸುವ ಮೊದಲು ವೈದ್ಯರನ್ನು ಕೇಳಬೇಕು, ಪಾರಣೆಯನ್ನು ಜಿಡ್ಡಿಲ್ಲದ ಗಂಜಿಯಿಂದ ಅಲ್ಪವಾಗಿ ಆರಂಭಿಸಬೇಕು.

ಕಲ್ಲು ಬಂದು ಸರಿದುಹೋದರೆ ನೋವು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆರು ಗಂಟೆ ಮೀರಿದರೂ ಬಿಡದ ನೋವು, ಬಲಭುಜಕ್ಕೋ ಬೆನ್ನಿಗೋ ಹರಡುವ ಸೆಳೆತ, ವಾಂತಿ, ಜ್ವರ, ಬಲಪಕ್ಕೆಯ ಕೆಳಗೆ ಒತ್ತಿದಾಗ ಉಸಿರೆಳೆಯಲಾಗದಂತೆ ನೋಯುವುದು, ಇವು ಉರಿಯೂತದ ಚಿಹ್ನೆಗಳು. ಕಣ್ಣು ಹಳದಿಯಾಗಿ ಚಳಿಜ್ವರ ಬಂದರೆ ಮುಖ್ಯ ಪಿತ್ತನಾಳವೇ ಕಟ್ಟಿರಬಹುದು. ಆಗ ಒಂದು ಗಂಟೆಯೂ ತಡಮಾಡತಕ್ಕದ್ದಲ್ಲ. ಮಧುಮೇಹವುಳ್ಳ ವೃದ್ಧರಲ್ಲಿ ನೋವು ಅಲ್ಪವಾಗಿದ್ದು ಒಳಗೆ ಚೀಲ ಕೊಳೆಯುತ್ತಿರುವುದೂ ಉಂಟು. ಎದೆನೋವೂ ಇದನ್ನು ಹೋಲಬಹುದಾದ್ದರಿಂದ ಮನೆಯಲ್ಲೇ ನಿರ್ಣಯಿಸುವುದು ಸಲ್ಲದು. ರಕ್ತಪರೀಕ್ಷೆಯೊಡನೆ ಅಲ್ಟ್ರಾಸೌಂಡ್ ಮಾಡಿದರೆ ಕಲ್ಲೂ ಊದಿದ ಗೋಡೆಯೂ ಸಾಮಾನ್ಯವಾಗಿ ಗೋಚರಿಸುತ್ತವೆ.

ಮೂತ್ರಪಿಂಡದ ಕಲ್ಲಿಗೆ ಕುಡಿಯುವ ಹುರುಳಿಕಟ್ಟು, ಬಾಳೆದಿಂಡಿನ ರಸಗಳನ್ನು ಇದಕ್ಕೂ ಕೊಡುವವರಿದ್ದಾರೆ. ಮೂತ್ರದ ಹಾದಿಯೇ ಬೇರೆ, ಪಿತ್ತದ ಹಾದಿಯೇ ಬೇರೆ. ಕುಡಿದ ರಸ ಪಿತ್ತಕೋಶವನ್ನು ತೊಳೆಯುವುದಿಲ್ಲ.

ವಯೋವೃದ್ಧರು ಈ ನೋವಿನಲ್ಲಿ ಆಹಾರ ತ್ಯಜಿಸಿ ಸಲ್ಲೇಖನೆಯ ಮಾತೆತ್ತಿದಾಗ ಮನೆಯವರು ಧರ್ಮಸಂಕಟಕ್ಕೆ ಸಿಲುಕುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದಕ್ಕೆ ಹೇಳಿರುವ ಕಾರಣಗಳಲ್ಲೊಂದು ಪ್ರತೀಕಾರವಿಲ್ಲದ ವ್ಯಾಧಿ. ಪಿತ್ತಕೋಶದ ಉರಿಯೂತಕ್ಕೆ ಸಾಮಾನ್ಯವಾಗಿ ಪ್ರತೀಕಾರವಿದೆ. ಇದನ್ನು ಅವರಿಗೆ ಮೆಲ್ಲನೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ವಿಚಿತ್ರವೆಂದರೆ ಅಲ್ಲಿನ ಮೊದಲ ಆಜ್ಞೆಯೂ ಉಪವಾಸವೇ. ಬಾಯಿಗೆ ಏನನ್ನೂ ಕೊಡದೆ ರಕ್ತನಾಳದ ಮೂಲಕ ದ್ರವ, ನೋವುಶಾಮಕ, ಪ್ರತಿಜೈವಿಕ ಔಷಧಗಳನ್ನು ಸಲ್ಲಿಸುತ್ತಾರೆ. ಮುಂದೆ ಗುಳಿಗೆ ಕೊಡುವಾಗ ಪ್ರಾಣಿಜನ್ಯ ಜೆಲಟಿನ್ ಕವಚವಿಲ್ಲದ್ದನ್ನು, ಹಗಲಿನಲ್ಲಿ ಸೇವಿಸುವಂಥದ್ದನ್ನು ಕೇಳಬಹುದು. ಸಾಧ್ಯವಿದ್ದಲ್ಲಿ ವೈದ್ಯರು ಹೊಂದಿಸಿಕೊಡುತ್ತಾರೆ. ಆದರೆ ಔಷಧದಿಂದ ಜ್ವರ ಇಳಿದರೂ ಕಲ್ಲು ಅಲ್ಲಿಯೇ ಉಳಿಯುವುದರಿಂದ, ದೇಹಸ್ಥಿತಿ ತಾಳುವಂತಿದ್ದರೆ ಮೊದಲ ಕೆಲವು ದಿನಗಳಲ್ಲೇ ಪಿತ್ತಕೋಶವನ್ನು ತೆಗೆಯುವುದು ಉತ್ತಮವೆಂದು ಈಗಿನ ಮತ. ತೀರ ಅಶಕ್ತರಿಗೆ ಚರ್ಮದ ಮೂಲಕ ನಳಿಕೆಯಿಟ್ಟು ಕೀವನ್ನು ಬಸಿಯುತ್ತಾರೆ. ನೋವಿಲ್ಲದೆ ಆಕಸ್ಮಿಕವಾಗಿ ಕಂಡ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ.

ಈ ಶಸ್ತ್ರಕ್ರಿಯೆಯನ್ನು 1882ರಲ್ಲಿ ಬರ್ಲಿನ್ ನಗರದಲ್ಲಿ ಕಾರ್ಲ್ ಲಾಂಗೆನ್‌ಬುಕ್ ಮೊದಲಿಗೆ ನೆರವೇರಿಸಿದರು. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ವಿಧಾನವನ್ನು 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಆರಂಭಿಸಿದರು, 1990ರಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಮುಂಬಯಿಗೆ ತಂದರು. ಹೊಟ್ಟೆಯನ್ನು ಉದ್ದಕ್ಕೆ ಸೀಳುವರೆಂಬ ಹಳೆಯ ಭಯಕ್ಕೆ ಈಗ ಅಷ್ಟು ಕಾರಣವಿಲ್ಲ.

ಚೀಲವಿಲ್ಲದೆ ಜೀರ್ಣವಾಗುವುದೆಂತು ಎಂಬ ಪ್ರಶ್ನೆ ಸಹಜ. ಯಕೃತ್ತಿನ ರಸ ನೇರವಾಗಿ ಕರುಳಿಗೆ ಹರಿಯುತ್ತಿರುತ್ತದೆ. ಕೆಲವರಿಗೆ ಕೆಲಕಾಲ ಜಿಡ್ಡಿನ ಊಟದಿಂದ ಭೇದಿಯಾಗುವುದು. ಮಿತವಾಗಿ, ಭಾಗಭಾಗವಾಗಿ ಉಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗಾಯ ಮಾಗಿ ಬಲ ಮರಳಿದ ನಂತರ ವೈದ್ಯರ ಸಮ್ಮತಿಯಿಂದ ಏಕಭುಕ್ತವನ್ನೂ, ಆಮೇಲೆ ಪರ್ವದಿನದ ಉಪವಾಸವನ್ನೂ ಮತ್ತೆ ಕೈಗೊಳ್ಳಬಹುದು.