ಮನೆಬಾಗಿಲಿಗೆ ಬಂದ ದಿನಸಿ ಮತ್ತು ಕೊಳ್ಳುವವನ ಪ್ರಾಮಾಣಿಕತೆ

ವ್ಯಾಪಾರದಲ್ಲಿ ಸತ್ಯಸಂಧತೆಯ ಮಾತು ಬಂದಾಗಲೆಲ್ಲ ನಮ್ಮ ಬೆರಳು ಅಂಗಡಿಯವನ ಕಡೆಗೇ ತಿರುಗುತ್ತದೆ. ತಕ್ಕಡಿ ಸರಿಯಿದೆಯೇ? ಅಕ್ಕಿಯಲ್ಲಿ ಕಲ್ಲು ಬೆರೆತಿದೆಯೇ? ಹಳೆಯ ಸರಕನ್ನು ಹೊಸದೆಂದು ಮಾರುತ್ತಿದ್ದಾನೆಯೇ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಕೊಳ್ಳುವವನ ಸತ್ಯಸಂಧತೆಯ ಕುರಿತು ನಾವು ಎಷ್ಟು ಬಾರಿ ಯೋಚಿಸಿದ್ದೇವೆ?

ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿರುವ, ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿರುವ ಒಂದು ಹದೀಸ್‌ನ ಸಾರಾಂಶ ಹೀಗಿದೆ: ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ಇದ್ದುದನ್ನು ಸ್ಪಷ್ಟಪಡಿಸಿದರೆ ಅವರ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಆ ಬರಕತ್ ಅಳಿಸಿಹೋಗುತ್ತದೆ. ಇಲ್ಲಿ ಪ್ರವಾದಿವರ್ಯರು(ಸ) ವ್ಯಾಪಾರಿಯೊಬ್ಬನನ್ನೇ ಉದ್ದೇಶಿಸಿ ಮಾತನಾಡಿಲ್ಲ, ಇಬ್ಬರನ್ನೂ ಸೇರಿಸಿ ಹೇಳಿದ್ದಾರೆ. ಗ್ರಾಹಕನೆಂಬ ಕಾರಣಕ್ಕೆ ಯಾರಿಗೂ ವಿನಾಯಿತಿ ಇಲ್ಲ.

ಅಂಗಡಿಯ ಕಟ್ಟೆಯ ಮುಂದೆ ಕೊಳ್ಳುವವನಿಗೆ ಸುಳ್ಳಾಡುವ ಅವಕಾಶ ಕಡಿಮೆ. ತೂಕ ಎದುರಿಗೇ ಆಗುತ್ತದೆ, ಎಣಿಕೆ ಎದುರಿಗೇ ನಡೆಯುತ್ತದೆ. ಆದರೆ ದಿನಸಿ ಮನೆಬಾಗಿಲಿಗೇ ಬರುವ ಇಂದಿನ ಪದ್ಧತಿಯಲ್ಲಿ ಚೀಲ ಬಿಚ್ಚುವಾಗ ನೋಡುವವರು ಯಾರೂ ಇರುವುದಿಲ್ಲ. ಅಲ್ಲಿ ಕೊಳ್ಳುವವನೇ ಸಾಕ್ಷಿ, ಅವನೇ ಲೆಕ್ಕಿಗ. ಆದ್ದರಿಂದ ಈ ಪಾಠವನ್ನು ಕೊಳ್ಳುವವನ ಕಡೆಯಿಂದಲೇ ಕಲಿಯೋಣ.

ಹಳೆಯ ಪದ್ಧತಿ, ಹೊಸ ರೂಪ

ಉಲ್ಲಾಳ ಎಂದೊಡನೆ ನಮ್ಮ ಅನೇಕ ಓದುಗರಿಗೆ ನೆನಪಾಗುವುದು ಕರಾವಳಿಯ ಉಳ್ಳಾಲ. ಇಲ್ಲಿ ಹೇಳುತ್ತಿರುವುದು ಬೆಂಗಳೂರಿನ ಪಶ್ಚಿಮ ಅಂಚಿನ ಉಲ್ಲಾಳವನ್ನು. ಕೆಂಗೇರಿಗೂ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣಕ್ಕೂ ಸಮೀಪದಲ್ಲಿರುವ ಈ ಊರು ಹಿಂದೆ ಹೊಲ ಮತ್ತು ಕೆರೆಗಳ ಹಳ್ಳಿಯಾಗಿತ್ತು. ಇಂದು ಉಲ್ಲಾಳ ಉಪನಗರವೂ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯೂ ಸೇರಿ ಸಾವಿರಾರು ಕುಟುಂಬಗಳ ನೆಲೆಯಾಗಿದೆ. ಇಲ್ಲಿನ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಸ್ಕೂಟರ್ ಸವಾರರು ಒಬ್ಬರ ಹಿಂದೊಬ್ಬರಂತೆ ಹೋಗುವುದು ಕಾಣುತ್ತದೆ.

ಮನೆಗೆ ಸಾಮಾನು ತಂದುಕೊಡುವ ಪದ್ಧತಿ ಹೊಸದೇನಲ್ಲ. ನಸುಕಿನಲ್ಲಿ ನಂದಿನಿ ಹಾಲಿನ ಪೊಟ್ಟಣವನ್ನು ಬಾಗಿಲಿಗೆ ಹಾಕಿಹೋಗುವ ಹುಡುಗ, ಸೊಪ್ಪು ಕೂಗುತ್ತಾ ಬರುವ ತಳ್ಳುಗಾಡಿಯವರು, ತಿಂಗಳ ಚೀಟಿ ಕೊಟ್ಟುಬಂದರೆ ಸಂಜೆ ಸೈಕಲ್ಲಿನಲ್ಲಿ ಮೂಟೆ ಕಳಿಸುವ ದಿನಸಿ ಅಂಗಡಿಯವರು: ಇವರೆಲ್ಲ ನಮಗೆ ಪರಿಚಿತರೇ. ಬೆಳಿಗ್ಗೆ ಚೀಟಿ ಕೊಟ್ಟು, ಕೆಲಸದಿಂದ ಮರಳುವಾಗ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕಟ್ಟಿಟ್ಟ ಚೀಲವನ್ನು ಎತ್ತಿಕೊಂಡು ಬರುವುದೂ ಹಳೆಯ ರೂಢಿಯೇ.

ಬದಲಾದುದು ಅದರ ವಿಸ್ತಾರ ಮತ್ತು ವೇಗ. ಬಿಗ್‌ಬಾಸ್ಕೆಟ್ 2011ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. 2014ರಲ್ಲಿ ಇದೇ ನಗರದಲ್ಲಿ ಹುಟ್ಟಿದ ಸ್ವಿಗ್ಗಿ 2020ರಲ್ಲಿ ಇನ್‌ಸ್ಟಾಮಾರ್ಟ್ ಎಂಬ ದಿನಸಿ ಸೇವೆಯನ್ನು ತೆರೆಯಿತು. ಅದೇ 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ, ಅದುವರೆಗೆ ಮೊಬೈಲಿನಲ್ಲಿ ಬೇಳೆ, ಎಣ್ಣೆ ಕೊಂಡೇ ಇರದವರೂ ಈ ದಾರಿಗೆ ಬಂದರು. ವೃದ್ಧರಿಗೆ, ರೋಗಿಗಳಿಗೆ, ಹಸುಗೂಸಿನ ತಾಯಂದಿರಿಗೆ ಇದರಿಂದ ಆಗಿರುವ ಉಪಕಾರ ದೊಡ್ಡದು. ಇಂತಹ ಅನುಕೂಲವನ್ನು ಧರ್ಮವು ನಿಷೇಧಿಸುವುದಿಲ್ಲ. ಅದರೊಂದಿಗೆ ಬರುವ ಹೊಣೆಯನ್ನು ನೆನಪಿಸುತ್ತದೆ, ಅಷ್ಟೆ.

ನೋಡದೆ ಕೊಂಡ ವಸ್ತು

ಚಳಿಗಾಲದಲ್ಲಿ ಮಾಗಡಿ ಕಡೆಯ ಅವರೆಕಾಯಿ ಬಂದರೆ ನಮ್ಮ ತಾಯಂದಿರು ಅದನ್ನು ಕೈಯಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಸೊಗಡಿದೆಯೆಂದು ಖಚಿತವಾದ ಮೇಲೆಯೇ ಸೆರಗಿಗೆ ಹಾಕಿಸಿಕೊಳ್ಳುತ್ತಿದ್ದರು. ಮೊಬೈಲಿನ ಚಿತ್ರದಲ್ಲಿ ಸೊಗಡು ತಿಳಿಯುವುದಿಲ್ಲ. ಹಾಗಾದರೆ ನೋಡದೆ ಕೊಂಡ ವಸ್ತುವಿನ ವಿಧಿಯೇನು?

ನಮ್ಮ ಕರ್ಮಶಾಸ್ತ್ರ ವಿದ್ವಾಂಸರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಚರ್ಚಿಸಿದ್ದಾರೆ. ಹನಫೀ ಮದ್‌ಹಬ್‌ನ ಪ್ರಕಾರ, ನೋಡದೆ ಕೊಂಡವನಿಗೆ ನೋಡಿದ ಮೇಲೆ ವಸ್ತುವನ್ನು ಇಟ್ಟುಕೊಳ್ಳುವ ಅಥವಾ ಮರಳಿಸುವ ಹಕ್ಕಿದೆ. ಇದನ್ನು ‘ಖಿಯಾರುರ್ರುಅ್‌ಯ’ ಎನ್ನುತ್ತಾರೆ. ಶಾಫಿಈ ಮದ್‌ಹಬ್‌ನ ನಿಲುವು ಇದಕ್ಕಿಂತ ಬಿಗಿಯಾದುದು. ಅದನ್ನು ಅನುಸರಿಸುವವರು ತಮ್ಮ ಉಸ್ತಾದರಲ್ಲಿ ಕೇಳಿ ತಿಳಿಯಬೇಕು. ಆದರೆ ವಸ್ತುವಿನಲ್ಲಿ ಮುಚ್ಚಿಟ್ಟ ದೋಷ ಕಂಡುಬಂದರೆ ಮರಳಿಸುವ ಹಕ್ಕನ್ನು ಎಲ್ಲರೂ ಒಪ್ಪುತ್ತಾರೆ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ಸಿಕ್ಕಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಒದ್ದೆಯಾದ ಕಾಳನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬೇಕಿತ್ತೆಂದು ಅವರು ಆ ವ್ಯಾಪಾರಿಯನ್ನು ಎಚ್ಚರಿಸಿದರು.

ದೇಶದ ಕಾನೂನೂ ಇದೇ ದಿಕ್ಕಿನಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈಯಲ್ಲಿ ಆನ್‌ಲೈನ್ ವ್ಯಾಪಾರಕ್ಕಾಗಿಯೇ ನಿಯಮಗಳು ಬಂದವು. ದೋಷಯುಕ್ತ ವಸ್ತುವನ್ನು ಮರಳಿ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಕಂಪೆನಿಯ ದೂರು ಅಧಿಕಾರಿಯು 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಆದ್ದರಿಂದ ಕೊಳೆತ ಟೊಮೆಟೊ ಬಂದರೆ, ಅವಧಿ ಮೀರಿದ ಹಿಟ್ಟು ಬಂದರೆ ಸುಮ್ಮನಿರಬೇಕಾಗಿಲ್ಲ. ಹಕ್ಕನ್ನು ಕೇಳುವುದು ದುರಾಶೆಯಲ್ಲ.

ದೂರು ಎಂದರೆ ಸಾಕ್ಷ್ಯ

ಆದರೆ ಹಕ್ಕು ಎಲ್ಲಿದೆಯೋ ಅಲ್ಲಿಯೇ ಪರೀಕ್ಷೆಯೂ ಇದೆ. ಹತ್ತು ವಸ್ತುಗಳಲ್ಲಿ ಒಂಬತ್ತೇ ಬಂದಿವೆಯೆಂದು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಅನೇಕ ಸಲ ಹೆಚ್ಚಿನ ವಿಚಾರಣೆಯಿಲ್ಲದೆ ಹಣ ಮರಳುತ್ತದೆ. ಹತ್ತೂ ಬಂದಿದ್ದರೂ ಹಾಗೆ ಹೇಳುವವರಿದ್ದಾರೆ. ‘ಅಷ್ಟು ದೊಡ್ಡ ಕಂಪೆನಿಗೆ ನಲವತ್ತು ರೂಪಾಯಿ ಯಾವ ಲೆಕ್ಕ?’ ಎಂಬುದು ಅವರ ಸಮಾಧಾನ.

ಪ್ರಿಯ ಓದುಗರೇ, ದೂರು ಎಂದರೆ ಒಂದು ಸಾಕ್ಷ್ಯ. ನ್ಯಾಯದ ಪರ ಸಾಕ್ಷಿಗಳಾಗಿ ನಿಲ್ಲಬೇಕು, ಅದು ನಿಮ್ಮ ವಿರುದ್ಧವೇ ಆದರೂ ಸರಿ ಎಂದು ಪವಿತ್ರ ಕುರ್‌ಆನ್‌ನ ‘ಅನ್ನಿಸಾಅ್’ ಅಧ್ಯಾಯದ 135ನೇ ಸೂಕ್ತವು ಆದೇಶಿಸುತ್ತದೆ. ಎದುರಾಳಿ ದೊಡ್ಡವನಾದರೆ ಸುಳ್ಳು ಹೇಳಬಹುದೆಂದು ಎಲ್ಲಿಯೂ ಹೇಳಿಲ್ಲ. ನಿಜವಾಗಿ ಆ ಸುಳ್ಳು ಮುಟ್ಟುವುದು ಕಂಪೆನಿಯ ಮಾಲಿಕನನ್ನಲ್ಲ. ‘ಒಂದು ವಸ್ತು ಬಂದಿಲ್ಲ’ ಎಂದಾಗ ಸಂಶಯ ಬೀಳುವುದು ಗೋದಾಮಿನಲ್ಲಿ ಚೀಲ ಕಟ್ಟಿದ ಹುಡುಗಿಯ ಮೇಲೆ ಅಥವಾ ಅದನ್ನು ಹೊತ್ತು ತಂದ ಸವಾರನ ಮೇಲೆ. ನೀವು ಗಳಿಸಿದ ನಲವತ್ತು ರೂಪಾಯಿಗೆ ಒಬ್ಬ ಬಡವನು ಕಳ್ಳನೆನಿಸಿಕೊಂಡರೆ ಆ ಲೆಕ್ಕವನ್ನು ಎಲ್ಲಿ ತೀರಿಸುವಿರಿ?

‘ಅಲ್ ಮುತಫ್ಫಿಫೀನ್’ ಅಧ್ಯಾಯದ ಆರಂಭದ ಸೂಕ್ತಗಳನ್ನು ನಾವು ವ್ಯಾಪಾರಿಗಳಿಗೆ ಓದಿ ಹೇಳುತ್ತೇವೆ. ಆದರೆ ಅಲ್ಲಿ ಚಿತ್ರಿಸಲಾಗಿರುವುದು ತಾನು ಪಡೆಯುವಾಗ ಪೂರ್ತಿ ಅಳೆದು ಪಡೆದು, ಇತರರಿಗೆ ಕೊಡುವಾಗ ಕಡಿತ ಮಾಡುವ ಮನುಷ್ಯನನ್ನು. ಚೀಲದಲ್ಲಿ ಪೂರ್ತಿ ಪಡೆದು ಹಣದಲ್ಲಿ ಕಡಿತ ಮಾಡುವವನೂ ಈ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಳ್ಳಲಿ.

ಇದೇ ರೀತಿಯ ಇನ್ನೆರಡು ವಿಷಯಗಳಿವೆ. ಮೊದಲನೆಯದು, ತಪ್ಪಿ ಬಂದ ವಸ್ತು. ನೀವು ಒಂದು ಸಾಬೂನು ಕೇಳಿದ್ದು, ಎರಡು ಬಂದರೆ ಎರಡನೆಯದು ನಿಮ್ಮದಲ್ಲ. ಅದು ಅಮಾನತ್, ಅಂದರೆ ನಿಮ್ಮ ಕೈಗೆ ಬಂದಿರುವ ಪರರ ಸೊತ್ತು. ಕಂಪೆನಿಗೆ ತಿಳಿಸಿರಿ. ಅವರು ಮರಳಿ ಒಯ್ದರೆ ಸರಿ. ಇಟ್ಟುಕೊಳ್ಳಿ ಎಂದರೆ ಅದು ಅವರು ಕೊಟ್ಟ ಕೊಡುಗೆಯಾಗುತ್ತದೆ. ಪಕ್ಕದ ಮನೆಯವರ ಚೀಲವೇ ನಿಮ್ಮ ಬಾಗಿಲಿಗೆ ಬಂದಿದ್ದರೆ ಬಿಚ್ಚದೆ ಅವರಿಗೆ ತಲುಪಿಸಿರಿ. ಎರಡನೆಯದು, ಮೊದಲ ಖರೀದಿಗೆಂದು ಕೊಡುವ ರಿಯಾಯಿತಿ. ಮನೆಯ ಒಬ್ಬೊಬ್ಬರ ನಂಬರಿನಿಂದ ಹೊಸ ಖಾತೆ ತೆರೆದು ಅದೇ ರಿಯಾಯಿತಿಯನ್ನು ಮತ್ತೆ ಮತ್ತೆ ಪಡೆಯುವುದನ್ನು ಕೆಲವರು ಜಾಣತನವೆಂದು ಭಾವಿಸುತ್ತಾರೆ. ಒಂದು ಮನೆಗೆ ಒಮ್ಮೆ ಎಂಬ ಷರತ್ತಿದ್ದರೆ ಅದನ್ನು ಮುರಿಯುವುದು ಕರಾರು ಭಂಗವೇ ಆಗಿದೆ.

ಬಾಗಿಲಲ್ಲಿ ನಿಂತವನ ಹಕ್ಕು

ಬೆವರು ಆರುವ ಮೊದಲೇ ಕೂಲಿಕಾರನ ಕೂಲಿಯನ್ನು ಕೊಡಬೇಕೆಂಬ ಪ್ರವಾದಿ ಬೋಧನೆಯನ್ನು ಇಬ್ನು ಮಾಜಃ ವರದಿ ಮಾಡಿದ್ದಾರೆ. ಸಾಮಾನು ತಂದವನಿಗೆ ಕೂಲಿ ಕೊಡುವುದು ಕಂಪೆನಿಯೇ ನಿಜ. ಆದರೆ ಅವನ ದುಡಿಮೆಯ ಒಂದು ಭಾಗ ನಮ್ಮ ಕೈಯಲ್ಲಿದೆ: ಅದು ಅವನ ಸಮಯ. ಒಂದೊಂದು ಚೀಲ ತಲುಪಿಸಿದಂತೆ ಗಳಿಸುವವನನ್ನು ಗೇಟಿನ ಬಳಿ ಹತ್ತು ನಿಮಿಷ ಕಾಯಿಸಿದರೆ ಅವನ ಗಳಿಕೆಯಿಂದ ಹತ್ತು ನಿಮಿಷ ಕಿತ್ತುಕೊಂಡಂತೆ.

ವಿಶ್ವೇಶ್ವರಯ್ಯ ಬಡಾವಣೆಯಂತಹ ಕಡೆ ಪ್ರತಿ ಬ್ಲಾಕಿನಲ್ಲೂ ಒಂದನೇ ಅಡ್ಡರಸ್ತೆ, ಎರಡನೇ ಅಡ್ಡರಸ್ತೆ ಇರುತ್ತವೆ. ಬ್ಲಾಕಿನ ಸಂಖ್ಯೆಯನ್ನೂ ಗುರುತಿಗೆ ಒಂದು ಅಂಗಡಿಯನ್ನೋ ಮಸೀದಿಯನ್ನೋ ಸರಿಯಾಗಿ ಬರೆಯದಿದ್ದರೆ ಅವನು ಬಿಸಿಲಿನಲ್ಲಿ ಸುತ್ತಬೇಕಾಗುತ್ತದೆ. ವಿಳಾಸ ಸರಿಯಾಗಿ ಬರೆಯಿರಿ. ಫೋನು ಬಂದರೆ ಎತ್ತಿರಿ. ನಗದು ಕೊಡುವುದಾದರೆ ಚಿಲ್ಲರೆ ಸಿದ್ಧವಾಗಿಡಿರಿ. ನಾಲ್ಕನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ, ಕಾಲಿಗೆ ಶಕ್ತಿಯಿರುವವರು ಅರ್ಧ ಮೆಟ್ಟಿಲಾದರೂ ಇಳಿದು ಬನ್ನಿರಿ. ಮಳೆಯಲ್ಲಿ ತಡವಾದರೆ ಗದರಬೇಡಿರಿ. ಚೀಲ ಕಟ್ಟಿಸಿದ ಮೇಲೆ ಮನಸ್ಸು ಬದಲಿಸಿ ಬೇಡವೆನ್ನುವ ಚಾಳಿ ಬಿಡಿರಿ. ಅವನಿಗೆ ಅಂಕ ಕೊಡುವಾಗ, ಗೋದಾಮಿನವರ ತಪ್ಪಿಗೆ ಅವನನ್ನು ಶಿಕ್ಷಿಸಬೇಡಿರಿ. ಬೇಸಗೆಯಲ್ಲಿ ಒಂದು ಲೋಟ ನೀರು ಕೊಡುವುದಕ್ಕೆ ಅವನ ಜಾತಿ, ಧರ್ಮ ಕೇಳಬೇಕಾಗಿಲ್ಲ.

ಈ ದುಡಿಮೆಗಾರರಿಗಾಗಿ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. ಅದರಂತೆ ಅವರಿಗೊಂದು ಕಲ್ಯಾಣ ಮಂಡಳಿ ಮತ್ತು ನಿಧಿ ಇರುತ್ತದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರವರೆಗಿನ ಶುಲ್ಕವನ್ನು ಕಂಪೆನಿಗಳು ಆ ನಿಧಿಗೆ ಕಟ್ಟಬೇಕು. ಲಿಖಿತ ಕಾರಣ ಮತ್ತು 14 ದಿನಗಳ ಮುಂಚಿನ ನೋಟೀಸು ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ಸರಕಾರ ಕಾನೂನಿನಿಂದ ಕೊಡಬಹುದಾದುದು ಇಷ್ಟು. ಬಾಗಿಲು ತೆರೆದವನ ಮುಖದ ಮೇಲಿನ ನಗುವನ್ನು ಯಾವ ಕಾನೂನೂ ಕೊಡಿಸಲಾರದು. ಅದನ್ನು ನಾವೇ ಕೊಡಬೇಕು.

ಬೀದಿಯ ಅಂಗಡಿಯನ್ನು ಮರೆಯದಿರಿ

ಕೊನೆಯದಾಗಿ ಒಂದು ಮಾತು. ಕೈಯಲ್ಲಿ ಹಣವಿದ್ದಾಗ ಮೊಬೈಲಿನಲ್ಲಿ ಕೊಂಡು, ತಿಂಗಳ ಕೊನೆಗೆ ಕೈ ಖಾಲಿಯಾದಾಗ ಮಾತ್ರ ಬೀದಿಯ ಅಂಗಡಿಯಲ್ಲಿ ಉದ್ದರಿ ಬರೆಸುವ ಕುಟುಂಬಗಳಿವೆ. ನಗದಿಗೆ ಒಬ್ಬ, ಸಾಲಕ್ಕೆ ಇನ್ನೊಬ್ಬ! ಕಾಯಿಲೆಯಲ್ಲಿ, ಕೆಲಸ ತಪ್ಪಿದ ದಿನಗಳಲ್ಲಿ ನಮ್ಮ ಮುಖ ನೋಡಿ ಅಕ್ಕಿ ಕೊಡುವವನು ಆ ಅಂಗಡಿಯವನೇ. ಕಂಪೆನಿಗಳು ಬರುತ್ತವೆ, ಹೋಗುತ್ತವೆ. ಬೆಂಗಳೂರಿನಲ್ಲಿ ಕೆಲವು ವರ್ಷ ಮನೆಮಾತಾಗಿದ್ದ ಡನ್‌ಝೋ 2025ರಲ್ಲಿ ಸೇವೆ ನಿಲ್ಲಿಸಿಬಿಟ್ಟಿತು. ಎಲ್ಲಿ ಕೊಳ್ಳಬೇಕೆಂಬುದು ನಿಮ್ಮ ಆಯ್ಕೆ. ಅಗ್ಗವಾದ ಕಡೆ ಕೊಳ್ಳುವುದು ತಪ್ಪಲ್ಲ. ಆದರೆ ಹಳೆಯ ಬಾಕಿಯನ್ನು ಉಳಿಸಿಕೊಂಡು ಆ ಅಂಗಡಿಯ ಮುಂದೆ ಮುಖ ತಿರುಗಿಸಿ ನಡೆಯುವುದು ತಪ್ಪು. ಸಾಲವನ್ನು ಬರೆದಿಡಲು ಕುರ್‌ಆನ್ ತನ್ನ ಅತ್ಯಂತ ದೀರ್ಘ ಸೂಕ್ತವನ್ನೇ (2:282) ಮೀಸಲಿಟ್ಟಿದೆ ಎಂಬುದನ್ನು ನೆನಪಿಡೋಣ. ಮೊದಲು ಅಂಗಡಿಯ ಪುಸ್ತಕದಲ್ಲಿರುವ ನಿಮ್ಮ ಹೆಸರಿನ ಮೇಲೆ ಗೆರೆ ಎಳೆಸಿರಿ. ಅನಂತರ ಎಲ್ಲಿ ಬೇಕಾದರೂ ಕೊಳ್ಳಿರಿ.

ಮನೆಯಲ್ಲಿ ಅಭ್ಯಾಸ

ಮುಂದಿನ ಬಾರಿ ಚೀಲ ಬಂದಾಗ ಮಕ್ಕಳನ್ನು ಕರೆದು ಕೂರಿಸಿಕೊಳ್ಳಿರಿ. ಬಿಲ್ಲನ್ನು ಒಬ್ಬರು ಓದಲಿ, ಇನ್ನೊಬ್ಬರು ವಸ್ತುಗಳನ್ನು ಎಣಿಸಲಿ. ಪೊಟ್ಟಣದ ಮೇಲಿನ ತೂಕ, ಬೆಲೆ, ಅವಧಿಯನ್ನು ನೋಡುವುದನ್ನು ಕಲಿಸಿರಿ. ಕಡಿಮೆ ಬಂದಿದ್ದರೆ ಅವರೆದುರಿಗೇ ದೂರು ಬರೆಯಿರಿ. ಹೆಚ್ಚು ಬಂದಿದ್ದರೂ ಅವರೆದುರಿಗೇ ತಿಳಿಸಿರಿ. ಕಡಿಮೆಯಾದಾಗ ಕೂಗುವ ತಂದೆ ಹೆಚ್ಚಾದಾಗ ಸುಮ್ಮನಾದರೆ ಮಗು ಕಲಿಯುವುದು ಆ ಮೌನವನ್ನೇ. ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಉದಾರವಾಗಿ ವರ್ತಿಸುವವನಿಗೆ ಪ್ರವಾದಿವರ್ಯರು(ಸ) ಅಲ್ಲಾಹನ ಕರುಣೆಯನ್ನು ಬೇಡಿದ್ದಾರೆಂದು ಬುಖಾರಿಯಲ್ಲಿದೆ. ಆ ಪ್ರಾರ್ಥನೆಗೆ ಅರ್ಹರಾಗುವ ಅವಕಾಶ ಇಂದು ನಮ್ಮ ಹೊಸ್ತಿಲಿಗೇ ಬಂದು ನಿಂತಿದೆ.

ಯಾರೂ ನೋಡದಿರುವಾಗ ಎಣಿಸಿದ ಎಣಿಕೆಯೂ ಸರಿಯಾಗಿರುವಂತೆ ಅಲ್ಲಾಹನು ನಮ್ಮೆಲ್ಲರನ್ನು ಅನುಗ್ರಹಿಸಲಿ. ಆಮೀನ್.